ಪೇಟೆಯ ತಿಂಡಿ ಮನೆಯ ಒಲೆಯಲ್ಲಿ: ಗೋಳಿಬಜೆಯಿಂದ ಪರೋಟದವರೆಗೆ

ಕುಂಬಳೆ, ಬದಿಯಡ್ಕ, ಉಪ್ಪಳದಂತಹ ಪೇಟೆಗಳಲ್ಲಿ ಸಂಜೆ ನಾಲ್ಕು ಗಂಟೆ ದಾಟಿದರೆ ಸಾಕು, ಚಾದಂಗಡಿಯ ಗಾಜಿನ ಕಪಾಟಿನೊಳಗೆ ಗೋಳಿಬಜೆ, ಬನ್ಸ್, ನೇಂದ್ರ ಬಾಳೆಹಣ್ಣಿನ ಪೋಡಿ ಬಂದು ಕೂರುತ್ತವೆ; ಕತ್ತಲಾಗುತ್ತಿದ್ದಂತೆ ಹೆದ್ದಾರಿಯ ಬದಿಯ ತಟ್ಟುಕಡಗಳಲ್ಲಿ (ತಿಂಡಿಯ ಸಣ್ಣ ಅಂಗಡಿಗಳಲ್ಲಿ) ಪರೋಟದ ಕಾವಲಿ ಕಾಯತೊಡಗುತ್ತದೆ. ತುಳುನಾಡಿನ ತಿಂಡಿಯೂ ಮಲಬಾರಿನ ತಿಂಡಿಯೂ ಒಂದೇ ಅಂಗಡಿಯಲ್ಲಿ ಸಿಗುವುದು ಕಾಸರಗೋಡಿನವರ ಭಾಗ್ಯ. ಇವನ್ನು ಮನೆಯಲ್ಲಿ ಮಾಡಲು ಹೊರಟವರು ಹೆಚ್ಚಾಗಿ ಹೇಳುವುದು, ಬೇಕಾದದ್ದನ್ನೆಲ್ಲ ಹಾಕಿದರೂ ಹೋಟೆಲಿನ ರುಚಿ ಬರಲಿಲ್ಲ ಎಂದು. ಹಾಕಿದ ಸಾಮಾನಿನಲ್ಲಿ ಕೊರತೆ ಇರುವುದು ಅಪರೂಪ. ಎಣ್ಣೆಯ ಕಾವು, ಹಿಟ್ಟಿಗೆ ಕೊಟ್ಟ ಬಿಡುವು, ಬಡಿಸುವ ಹೊತ್ತು, ಈ ಮೂರರಲ್ಲಿ ಯಾವುದೋ ಒಂದು ತಪ್ಪಿರುತ್ತದೆ. ಅಂಗಡಿಯವರ ಕೈಗೆ ಇವು ಅಭ್ಯಾಸದಿಂದ ಬಂದಿರುತ್ತವೆ; ಮನೆಯಲ್ಲಿ ಮಾಡುವವರು ಗಮನವಿಟ್ಟು ಕಲಿಯಬೇಕಾಗುತ್ತದೆ. ಈ ಲೇಖನದಲ್ಲಿ ಒಂದು ಕಪ್ ಎಂದರೆ ಸುಮಾರು 240 ಮಿಲಿ ಲೀಟರ್ ಹಿಡಿಯುವ ಅಳತೆ ಎಂದು ತಿಳಿಯಬೇಕು. ಅಷ್ಟರಲ್ಲಿ ಸುಮಾರು 125 ಗ್ರಾಂ ಮೈದಾ ಹಿಡಿಯುತ್ತದೆ. ಚಮಚ ಎಂದರೆ ದೊಡ್ಡ ಚಮಚ (ಟೇಬಲ್ ಸ್ಪೂನ್), ಸಣ್ಣ ಚಮಚ ಎಂದರೆ ಟೀ ಸ್ಪೂನ್.

ಎಣ್ಣೆ ಮತ್ತು ಅದರ ಕಾವು

ಚಾದಂಗಡಿಯ ಬಾಣಲೆಯಲ್ಲಿ ಲೀಟರ್‌ಗಟ್ಟಲೆ ಎಣ್ಣೆ ಇರುವುದರಿಂದ ಹತ್ತಿಪ್ಪತ್ತು ಬಜೆಗಳನ್ನು ಒಮ್ಮೆಲೇ ಬಿಟ್ಟರೂ ಅದರ ಕಾವು ಅಷ್ಟಾಗಿ ಇಳಿಯುವುದಿಲ್ಲ. ಮನೆಯಲ್ಲಿ ಕಾಲು ಲೀಟರ್ ಎಣ್ಣೆಯಲ್ಲಿ ಅದೇ ಕೆಲಸ ಮಾಡಿದರೆ ಎಣ್ಣೆ ಕೂಡಲೇ ತಣಿದು, ಹಿಟ್ಟು ಬೇಯುವ ಮೊದಲೇ ಎಣ್ಣೆ ಕುಡಿಯುತ್ತದೆ. ಆದ್ದರಿಂದ ಅಗಲವಾದ ಬಾಣಲೆಗಿಂತ ಆಳವಾದ ಸಣ್ಣ ಬಾಣಲೆ ಮೇಲು. ಅದು ಕಬ್ಬಿಣದ್ದಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ದಪ್ಪ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಲೀಟರ್ ಎಣ್ಣೆ ಹಾಕಿ, ಒಂದು ಸಲಕ್ಕೆ ಆರೇಳು ಬಜೆಗಳನ್ನಷ್ಟೇ ಬಿಟ್ಟು, ಅವು ಹೊರಬಂದ ಮೇಲೆ ಒಂದು ನಿಮಿಷ ಎಣ್ಣೆ ಮತ್ತೆ ಕಾಯಲು ಬಿಡಬೇಕು.

ಕಾವನ್ನು ಅಳೆಯಲು ಥರ್ಮಾಮೀಟರ್ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟನ್ನು ಎಣ್ಣೆಗೆ ಬಿಟ್ಟು ನೋಡಬೇಕು. ಅದು ತಳಕ್ಕೆ ಹೋಗಿ ಎರಡು ಮೂರು ಸೆಕೆಂಡುಗಳಲ್ಲಿ ಮೇಲೆ ಬಂದರೆ ಗೋಳಿಬಜೆಗೆ ತಕ್ಕ ಕಾವು ಬಂದಿದೆ ಎಂದರ್ಥ. ತಳದಲ್ಲೇ ಕುಳಿತರೆ ಎಣ್ಣೆ ಇನ್ನೂ ಕಾಯಬೇಕು. ಬಿದ್ದ ಕೂಡಲೇ ಮೇಲೆ ಹಾರಿ ಕೆಂಪಗಾದರೆ ಉರಿ ತಗ್ಗಿಸಬೇಕು. ನಮ್ಮಲ್ಲಿ ಗಾಣದ ತೆಂಗಿನೆಣ್ಣೆ ಬಳಸುವ ಮನೆಗಳು ಹೆಚ್ಚು. ಶುದ್ಧೀಕರಿಸದ ಈ ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ತಲಪುವಾಗ ಹೊಗೆಯಾಡತೊಡಗುತ್ತದೆ. ಬಜೆ, ಪೋಡಿಗಳನ್ನು 160ರಿಂದ 170 ಡಿಗ್ರಿಯೊಳಗೆ ಕರಿಯುವುದರಿಂದ ಅವುಗಳಿಗೆ ತೆಂಗಿನೆಣ್ಣೆ ಹೊಂದುತ್ತದೆ, ಪರಿಮಳವೂ ಬೇರೆಯೇ. ಗೋಬಿಯಂತೆ ಎರಡು ಸಲ, ಅದರಲ್ಲೂ ಎರಡನೇ ಸಲ ಜೋರು ಉರಿಯಲ್ಲಿ ಕರಿಯಬೇಕಾದ ತಿಂಡಿಗೆ ಸೂರ್ಯಕಾಂತಿ ಎಣ್ಣೆಯಂತಹ ಶುದ್ಧೀಕರಿಸಿದ ಎಣ್ಣೆಯೇ ಸರಿ.

ಕರಿದು ಉಳಿದ ಎಣ್ಣೆಯ ವಿಷಯದಲ್ಲಿ ಮಾತ್ರ ಅಂಗಡಿಯನ್ನು ಅನುಸರಿಸಬಾರದು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಡುವಾಗ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ. ಇವು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವ ಉಪಕರಣ ಇರುವುದಿಲ್ಲ. ಎಣ್ಣೆ ಕಪ್ಪಗಾಗಿದ್ದರೆ, ಕೈಗೆ ಅಂಟಂಟಾಗಿದ್ದರೆ, ಕಾಯಿಸುವಾಗ ನೊರೆ ಇಳಿಯದಿದ್ದರೆ ಅಥವಾ ಮೊದಲಿಗಿಂತ ಬೇಗ ಹೊಗೆ ಬಂದರೆ ಅದನ್ನು ಚೆಲ್ಲಬೇಕು. ಒಮ್ಮೆ ಕರಿದ ಎಣ್ಣೆಯನ್ನು ತಣಿಸಿ, ಬಟ್ಟೆಯಲ್ಲಿ ಸೋಸಿ, ಎರಡು ಮೂರು ದಿನಗಳೊಳಗೆ ಒಗ್ಗರಣೆ, ಪಲ್ಯಗಳಿಗೆ ಮುಗಿಸುವುದು ಉತ್ತಮ.

ಗೋಳಿಬಜೆ

ಎರಡು ಕಪ್ ಮೈದಾಕ್ಕೆ ಎರಡು ಚಮಚ ಅಕ್ಕಿಹಿಟ್ಟು, ಒಂದು ಸಣ್ಣ ಚಮಚ ಸಕ್ಕರೆ, ರುಚಿಗೆ ಉಪ್ಪು, ಅರ್ಧ ಸಣ್ಣ ಚಮಚ ಅಡುಗೆ ಸೋಡಾ ಸೇರಿಸಿ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಬೇಕು. ಸೋಡಾವನ್ನು ಕೊನೆಗೆ ಮೇಲಿನಿಂದ ಉದುರಿಸಿದರೆ ಅದು ಒಂದೇ ಕಡೆ ಉಳಿದು, ಅಲ್ಲಲ್ಲಿ ಕಹಿ ಮತ್ತು ಕೆಂಪು ಚುಕ್ಕೆ ಬರುತ್ತವೆ. ಆಮೇಲೆ ಒಂದು ಕಪ್ ಹುಳಿ ಮೊಸರನ್ನು ಹಾಕಿ ಕಲಸಬೇಕು. ಬೇಕಾದರೆ ಮಾತ್ರ ಸ್ವಲ್ಪ ಸ್ವಲ್ಪವೇ ನೀರು ಸೇರಿಸಬೇಕು. ಮೊಸರು ಹುಳಿಯಾಗಿರಲೇಬೇಕು, ಏಕೆಂದರೆ ಅದರ ಲ್ಯಾಕ್ಟಿಕ್ ಆಮ್ಲವು ಸೋಡಾದೊಂದಿಗೆ ಕೂಡಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೇ ಬಜೆಯನ್ನು ಒಳಗೆ ಟೊಳ್ಳಾಗಿ ಉಬ್ಬಿಸುತ್ತವೆ. ಮೊಸರು ಸಿಹಿಯಾಗಿದ್ದರೆ ಒಂದು ಸಣ್ಣ ಚಮಚ ಲಿಂಬೆರಸ ಸೇರಿಸಬಹುದು.

ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಚಪಾತಿ ಹಿಟ್ಟಿಗಿಂತ ಬಹಳ ಸಡಿಲವಾಗಿ, ಕೈಯಿಂದ ಎತ್ತಿದರೆ ಎಳೆಯಾಗಿ ಜಗ್ಗಿಕೊಂಡು ಬೀಳುವಂತಿರಬೇಕು. ಇಷ್ಟಾದ ಮೇಲೆ ಪಾತ್ರೆಯನ್ನು ಮುಚ್ಚಿ ಎರಡು ಮೂರು ಗಂಟೆ ಬಿಡಬೇಕು. ಕಲಸಿದ ಕೂಡಲೇ ಕರಿದರೆ ಬಜೆ ತಿನ್ನಲಾಗದಂತೇನೂ ಆಗುವುದಿಲ್ಲ, ಆದರೆ ಅದು ರಬ್ಬರಿನಂತೆ ಬಿಗಿಯಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡುವು ಸಿಕ್ಕ ಹಿಟ್ಟಿನಲ್ಲಿ ಮೈದಾ ನೀರು ಹೀರಿ ಸಡಿಲಗೊಂಡಿರುತ್ತದೆ. ಕರಿಯುವ ಹೊತ್ತಿಗೆ ಸಣ್ಣಗೆ ಹೆಚ್ಚಿದ ಹಸಿಮೆಣಸು, ಶುಂಠಿ, ಕರಿಬೇವು ಮತ್ತು ತೆಂಗಿನಕಾಯಿಯ ಚೂರುಗಳನ್ನು ಹಾಕಿ, ಅಂಗೈಯಿಂದ ಮೇಲಕ್ಕೆತ್ತಿ ಎತ್ತಿ ಎರಡು ನಿಮಿಷ ಬಡಿಯಬೇಕು. ಈ ಬಡಿತದಿಂದ ಹಿಟ್ಟಿಗೆ ಗಾಳಿ ಸೇರಿ ಅದು ಹಗುರಾಗುತ್ತದೆ. ಈರುಳ್ಳಿ ಹಾಕುವವರೂ ಇದ್ದಾರೆ. ಅದರ ನೀರು ಹಿಟ್ಟನ್ನು ಇನ್ನಷ್ಟು ಸಡಿಲ ಮಾಡುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಹಿಟ್ಟನ್ನು ಎಣ್ಣೆಗೆ ಬಿಡುವುದರಲ್ಲಿ ಕೈಚಳಕ ಬೇಕು. ಹತ್ತಿರ ಒಂದು ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳುಗಳನ್ನು ಅದರಲ್ಲಿ ಅದ್ದಿ, ತೊಟ್ಟಿಕ್ಕದಂತೆ ಕೊಡವಿ, ನಾಲ್ಕು ಬೆರಳುಗಳ ತುದಿಯಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು ಹಿಟ್ಟನ್ನು ತೆಗೆದು, ಕೈಯನ್ನು ಎಣ್ಣೆಯ ಸಮೀಪಕ್ಕೆ ತಂದು, ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಬೇಕು. ಎತ್ತರದಿಂದ ಬಿಟ್ಟರೆ ಬಾಲ ಬರುತ್ತದೆ, ಎಣ್ಣೆಯೂ ಸಿಡಿಯುತ್ತದೆ. ಬೆರಳಿಗೆ ನೀರು ಮುಟ್ಟಿಸದಿದ್ದರೆ ಹಿಟ್ಟು ಜಾರದು; ನೀರು ಹೆಚ್ಚಾದರೆ ಬಾಣಲೆಯಲ್ಲಿ ಪಟಪಟ ಶುರುವಾಗುತ್ತದೆ. ಸರಿಯಾಗಿ ಬಿದ್ದ ಉಂಡೆ ಒಂದು ಬದಿ ಬೆಂದು ಹಗುರಾದಾಗ ಅನೇಕ ಸಲ ತಾನಾಗಿಯೇ ಮಗುಚಿಕೊಳ್ಳುತ್ತದೆ. ಮಗುಚದಿದ್ದವನ್ನು ಕಣ್ಣುಸಟ್ಟುಗದಿಂದ ತಿರುಗಿಸುತ್ತಾ, ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕರಿಯಬೇಕು. ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿದರೆ ಉರಿ ಜೋರಾಗಿತ್ತು ಎಂದೇ ತಿಳಿಯಬೇಕು. ಹೊಸಬರಿಂದ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಬಗೆಯವು.

ಇದರ ಜೊತೆಗಿನ ಚಟ್ನಿಯನ್ನು ಮನೆಯವರು ದೋಸೆಯ ಚಟ್ನಿಯಷ್ಟು ಗಟ್ಟಿ ಮಾಡುತ್ತಾರೆ. ಅಂಗಡಿಯ ಚಟ್ನಿ ನೀರಾಗಿರುವುದು ಖರ್ಚು ಉಳಿಸಲು ಮಾತ್ರವಲ್ಲ; ಬಜೆಯ ಒಳಗಿನ ತೂತುಗಳಿಗೆ ಅದು ಇಳಿಯಬೇಕು. ಅರ್ಧ ಕಪ್ ತೆಂಗಿನತುರಿ, ಎರಡು ಚಮಚ ಹುರಿಗಡಲೆ, ಎರಡು ಹಸಿಮೆಣಸು, ಸಣ್ಣ ತುಂಡು ಶುಂಠಿ, ಉಪ್ಪು ಇಷ್ಟನ್ನು ನುಣ್ಣಗೆ ರುಬ್ಬಿ, ಸುರಿಯಲು ಬರುವಷ್ಟು ನೀರು ಬೆರೆಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾಕು.

ಬನ್ಸ್ ಮತ್ತು ಬಾಳೆಹಣ್ಣಿನ ಪೋಡಿ

ತೋಟದ ಬಾಳೆಗೊನೆ ಒಮ್ಮೆಲೇ ಹಣ್ಣಾಗಿ ಏನು ಮಾಡುವುದೆಂದು ತಿಳಿಯದ ದಿನಗಳಿಗೆ ಬನ್ಸ್ ತಕ್ಕ ತಿಂಡಿ. ಚೆನ್ನಾಗಿ ಕಳಿತ ಎರಡು ಬಾಳೆಹಣ್ಣುಗಳನ್ನು ಮೂರು ಚಮಚ ಸಕ್ಕರೆಯೊಂದಿಗೆ ಗಂಟಿಲ್ಲದಂತೆ ಹಿಸುಕಿ, ಕಾಲು ಕಪ್ ಮೊಸರು, ಕಾಲು ಸಣ್ಣ ಚಮಚ ಸೋಡಾ, ಒಂದು ಸಣ್ಣ ಚಮಚ ಜೀರಿಗೆ, ಚಿಟಿಕೆ ಉಪ್ಪು ಸೇರಿಸಬೇಕು. ಅದು ಹಿಡಿಯುವಷ್ಟು, ಅಂದರೆ ಸುಮಾರು ಎರಡು ಕಪ್ ಮೈದಾವನ್ನು ಹಾಕುತ್ತಾ ಕಲಸಿ, ಒಂದು ಚಮಚ ತುಪ್ಪ ಸವರಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಗ್ಗೆ ಹಿಟ್ಟು ಅಂಟಾಗಿರುತ್ತದೆ; ಆಗ ಗಾಬರಿಯಿಂದ ಮೈದಾ ಸುರಿದರೆ ಬನ್ಸ್ ಗಟ್ಟಿಯಾಗುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಲಿಂಬೆ ಗಾತ್ರದ ಉಂಡೆಗಳನ್ನು ಮಾಡಿ, ಪೂರಿಗಿಂತ ಎರಡು ಪಟ್ಟು ದಪ್ಪಕ್ಕೆ ಲಟ್ಟಿಸಬೇಕು. ಎಣ್ಣೆ ಗೋಳಿಬಜೆಗಿಂತ ತುಸು ಹೆಚ್ಚು ಕಾದಿರಬೇಕು. ಎಣ್ಣೆಗೆ ಬಿಟ್ಟ ಕೂಡಲೇ ಸಟ್ಟುಗದಿಂದ ಮೆಲ್ಲಗೆ ಒತ್ತುತ್ತಾ ಮೇಲೆ ಎಣ್ಣೆ ಚಿಮುಕಿಸಿದರೆ ಅದು ಉಬ್ಬುತ್ತದೆ; ಅನಂತರ ಉರಿ ತಗ್ಗಿಸಿ ಒಳಗೂ ಬೇಯಲು ಬಿಡಬೇಕು. ಸಕ್ಕರೆಯಿರುವುದರಿಂದ ಬಣ್ಣ ಬೇಗ ಏರುತ್ತದೆ ಎಂಬುದನ್ನು ಮರೆಯಬಾರದು.

ನೇಂದ್ರ ಬಾಳೆಹಣ್ಣಿನ ಪೋಡಿಗೆ, ಅಂದರೆ ಮಲಯಾಳಿಗಳ ಪಳಂಪೊರಿಗೆ, ಹಣ್ಣಿನ ಆಯ್ಕೆಯೇ ಮುಖ್ಯ. ಸಿಪ್ಪೆ ಹಳದಿಯಾಗಿ ಅದರ ಮೇಲೆ ಕಪ್ಪು ಚುಕ್ಕೆಗಳು ಮೂಡಿರಬೇಕು. ಬರೀ ಹಳದಿ ಇರುವ ಹಣ್ಣು ಬೆಂದರೂ ಒಗರಾಗಿರುತ್ತದೆ, ಪೂರ್ತಿ ಕಪ್ಪಾದದ್ದು ಎಣ್ಣೆಯಲ್ಲಿ ಕರಗುತ್ತದೆ. ಹಣ್ಣನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಪ್ರತಿ ತುಂಡನ್ನು ಉದ್ದಕ್ಕೆ ಮೂರು ಹೋಳು ಮಾಡಬೇಕು. ಒಂದು ಕಪ್ ಮೈದಾ, ಎರಡು ಚಮಚ ಅಕ್ಕಿಹಿಟ್ಟು, ಎರಡು ಚಮಚ ಸಕ್ಕರೆ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪನ್ನು ಸುಮಾರು ಮುಕ್ಕಾಲು ಕಪ್ ನೀರಿನಲ್ಲಿ ಕಲಸಿದರೆ, ಹೋಳಿಗೆ ಅಂಟಿ ನಿಧಾನವಾಗಿ ಇಳಿಯುವಂತಹ ಹಿಟ್ಟು ಸಿಗುತ್ತದೆ. ಹೊರಪದರ ಗರಿಗರಿಯಾಗಿ ತುಸು ಹುಳಿಯೂ ಇರಬೇಕೆನ್ನುವವರು ನೀರು ಕಡಿಮೆ ಮಾಡಿ ಎರಡು ಚಮಚ ಹುದುಗಿದ ದೋಸೆಹಿಟ್ಟನ್ನು ಬೆರೆಸಬಹುದು. ಕೆಲವು ಚಾದಂಗಡಿಗಳ ಪೋಡಿ ಬೇರೆಯದಕ್ಕಿಂತ ರುಚಿಯಾಗಿರುವುದಕ್ಕೆ ಬೆಳಗ್ಗಿನ ಉಳಿದ ದೋಸೆಹಿಟ್ಟೇ ಕಾರಣ. ತೆಂಗಿನೆಣ್ಣೆಯಲ್ಲಿ ಮಧ್ಯಮ ಉರಿಯಲ್ಲಿ ಎರಡೂ ಬದಿ ಹೊಂಬಣ್ಣ ಬರುವವರೆಗೆ ಕರಿದು, ಮಲಗಿಸಿಡದೆ, ಜಾಲರಿಯ ಮೇಲೆ ಅಥವಾ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ತಟ್ಟೆಯಲ್ಲಿ ಪೇರಿಸಿದರೆ ಅದರ ಹಬೆಗೆ ಅದೇ ಮೆತ್ತಗಾಗುತ್ತದೆ.

ಪರೋಟ

ಮನೆಯಲ್ಲಿ ಮಾಡಲಾಗದು ಎಂದು ಜನ ಕೈಬಿಟ್ಟಿರುವ ತಿಂಡಿಗಳಲ್ಲಿ ಇದು ಮೊದಲನೆಯದು. ತಟ್ಟುಕಡದಲ್ಲಿ ಹಿಟ್ಟಿನ ಹಾಳೆಯನ್ನು ಎರಡು ಕೈಗಳಲ್ಲಿ ಹಿಡಿದು ಗಾಳಿಯಲ್ಲಿ ಬೀಸಿ ಮೇಜಿಗೆ ಬಡಿಯುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಬೀಸುವುದರ ಉದ್ದೇಶ ಹಿಟ್ಟನ್ನು ತೆಳುವಾಗಿಸುವುದಷ್ಟೇ, ಅದನ್ನು ಕೈಯಿಂದ ಎಳೆದೂ ಸಾಧಿಸಬಹುದು. ಬೇಕಾದದ್ದು ಸಮಯ: ಸಂಜೆ ಏಳಕ್ಕೆ ಪರೋಟ ಬೇಕಾದರೆ ಮೂರೂವರೆಗೆ ಹಿಟ್ಟು ಕಲಸಬೇಕು.

ಅರ್ಧ ಕಿಲೋ ಮೈದಾಕ್ಕೆ ಒಂದೂವರೆ ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಸಕ್ಕರೆ, ಎರಡು ಚಮಚ ಎಣ್ಣೆ ಹಾಕಿ, 280ರಿಂದ 300 ಮಿಲಿ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕಲಸಬೇಕು. ಒಂದು ಮೊಟ್ಟೆ ಹಾಕುವ ಕ್ರಮವೂ ಉಂಟು. ಆಗ ನೀರನ್ನು ಸುಮಾರು 50 ಮಿಲಿ ಲೀಟರ್ ಕಡಿಮೆ ಮಾಡಬೇಕು. ಮೊದಲಿಗೆ ಹಿಟ್ಟು ಅಂಟುತ್ತದೆ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ಮತ್ತೆ ತಳ್ಳಿ, ಹೀಗೆ ಹನ್ನೆರಡರಿಂದ ಹದಿನೈದು ನಿಮಿಷ ನಾದಿದ ಮೇಲೆ ಅದು ಕಿವಿಯ ಹಾಲೆಯಷ್ಟು ಮೃದುವಾಗಿ ನುಣುಪಾಗುತ್ತದೆ. ಇಲ್ಲಿ ಆತುರಪಟ್ಟವರು ಮುಂದೆ ಹಿಟ್ಟನ್ನು ಎಳೆಯುವಾಗ ಅದು ಹರಿಯುವುದನ್ನು ನೋಡಬೇಕಾಗುತ್ತದೆ. ನಾದಿದ ಹಿಟ್ಟಿಗೆ ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಡಬೇಕು. ಆಮೇಲೆ ಸುಮಾರು 90 ಗ್ರಾಂ ತೂಕದ ಒಂಬತ್ತು ಉಂಡೆಗಳನ್ನು ಮಾಡಿ, ಪ್ರತಿಯೊಂದಕ್ಕೂ ಧಾರಾಳವಾಗಿ ಎಣ್ಣೆ ಹಚ್ಚಿ, ಮತ್ತೊಂದು ಗಂಟೆ ಮುಚ್ಚಿಡಬೇಕು. ಮೈದಾದಲ್ಲಿರುವ ಗ್ಲುಟೆನ್ ಎಂಬ ಅಂಟಿನ ಪ್ರೋಟೀನು ನಾದುವಾಗ ಬಿಗಿದುಕೊಳ್ಳುತ್ತದೆ, ಬಿಡುವು ಕೊಟ್ಟಾಗ ಸಡಿಲುತ್ತದೆ. ಬಿಗಿದಿರುವಾಗ ಎಳೆದರೆ ಹಿಟ್ಟು ಹಿಂದಕ್ಕೆ ಸರಿಯುತ್ತದೆ ಅಥವಾ ಹರಿಯುತ್ತದೆ.

ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಚೆನ್ನಾಗಿ ತೊಳೆದು ಒರೆಸಿ ಎಣ್ಣೆ ಬಳಿದರೆ ಅದೇ ಪರೋಟದ ಮೇಜಾಗುತ್ತದೆ. ಒಂದು ಉಂಡೆಯನ್ನು ಇಟ್ಟು ಮೊದಲು ಬೆರಳುಗಳಿಂದ ತಟ್ಟಿ, ಬಳಿಕ ಲಟ್ಟಣಿಗೆಯಿಂದ ಆದಷ್ಟು ತೆಳುವಾಗಿ ಲಟ್ಟಿಸಿ, ಕೊನೆಗೆ ಅಂಚುಗಳ ಅಡಿಗೆ ಬೆರಳು ಹಾಕಿ ಸುತ್ತಲೂ ಹೊರಕ್ಕೆ ಎಳೆಯಬೇಕು. ಕಟ್ಟೆಯ ಕಲ್ಲಿನ ಬಣ್ಣ ಅದರೊಳಗಿಂದ ಕಾಣಿಸುವಷ್ಟು ತೆಳುವಾದರೆ ಸಾಕು. ಅಲ್ಲಲ್ಲಿ ತೂತು ಬಿದ್ದರೆ ಬಾಧಕವಿಲ್ಲ, ಸುತ್ತಿದಾಗ ಅವು ಮುಚ್ಚಿಹೋಗುತ್ತವೆ. ಇದರ ಮೇಲೆ ಎಣ್ಣೆ ಚಿಮುಕಿಸಿ, ಚಿಟಿಕೆ ಒಣ ಮೈದಾ ಉದುರಿಸಿ, ಒಂದು ತುದಿಯಿಂದ ಸೀರೆಯ ನೆರಿಗೆ ಹಿಡಿದ ಹಾಗೆ ಮಡಚುತ್ತಾ ಬಂದು, ಸಿಕ್ಕಿದ ಪಟ್ಟಿಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಉದ್ದಕ್ಕೆಳೆದು, ಚಕ್ಕುಲಿಯಂತೆ ಸುತ್ತಿ, ಕೊನೆಯ ತುದಿಯನ್ನು ಅಡಿಗೆ ಸಿಕ್ಕಿಸಬೇಕು. ನೆರಿಗೆ ಹಿಡಿಯುವುದು ಕಷ್ಟವಾದರೆ ತೆಳುಹಾಳೆಯನ್ನು ಚಾಕುವಿನಿಂದ ಅರ್ಧ ಅಂಗುಲದ ಪಟ್ಟಿಗಳಾಗಿ ಸೀಳಿ, ಎಲ್ಲವನ್ನೂ ಒಟ್ಟುಗೂಡಿಸಿ ಸುತ್ತಿದರೂ ಎಳೆಗಳು ಸೊಗಸಾಗಿ ಬರುತ್ತವೆ. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸುತ್ತಿದವನ್ನು ಮತ್ತೆ ಹದಿನೈದು ನಿಮಿಷ ಬಿಟ್ಟು, ಅಂಗೈಯಿಂದಲೇ ಒತ್ತಿ ಆರು ಅಂಗುಲದಷ್ಟು ಅಗಲ ಮಾಡಬೇಕು. ಈ ಹಂತದಲ್ಲಿ ಲಟ್ಟಣಿಗೆ ಮುಟ್ಟಬಾರದು, ಅದು ಪದರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ದಪ್ಪ ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಒಂದೊಂದು ಬದಿಯನ್ನು ಎರಡರಿಂದ ಮೂರು ನಿಮಿಷ ಬೇಯಿಸಬೇಕು. ಉರಿ ಸಣ್ಣದಾದರೆ ಪರೋಟ ಒಣಗಿ ಹಪ್ಪಳವಾಗುತ್ತದೆ. ಹಿಟ್ಟಿನ ತೇವ ಹಬೆಯಾಗಿ ಎದ್ದು ಎಣ್ಣೆ ಸವರಿದ ಪದರಗಳನ್ನು ಬೇರ್ಪಡಿಸಬೇಕಾದರೆ ಕಾವು ತೀಕ್ಷ್ಣವಾಗಿಯೇ ಇರಬೇಕು. ಕೊನೆಯ ಕೆಲಸವನ್ನು ಮನೆಯಲ್ಲಿ ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ: ಮೂರು ನಾಲ್ಕು ಪರೋಟಗಳು ಆದ ಕೂಡಲೇ ಅವನ್ನು ಒಂದರ ಮೇಲೊಂದಿಟ್ಟು, ಸುಡುವ ಬಿಸಿಯಿರುವಾಗಲೇ, ಎರಡೂ ಅಂಗೈಗಳಿಂದ ಎದುರುಬದುರು ಅಂಚುಗಳನ್ನು ಒಳಮುಖವಾಗಿ ಬಡಿಯಬೇಕು; ಪೇರಿಕೆಯನ್ನು ತಿರುಗಿಸುತ್ತಾ ಐದಾರು ಸಲ ಹೀಗೆ ಬಡಿದಾಗ ಬಿಗಿದಿದ್ದ ಸುರುಳಿ ಬಿಚ್ಚಿ, ಎಳೆಗಳು ಅರಳಿ ನಿಲ್ಲುತ್ತವೆ. ಕೈ ಸುಡುವುದೆಂದಾದರೆ ಹತ್ತಿಬಟ್ಟೆಯೊಳಗಿಟ್ಟು ಬಡಿಯಬಹುದು. ತಟ್ಟುಕಡದಿಂದ ರಸ್ತೆಗೆ ಕೇಳಿಸುವ ಆ ಚಪ್ಪಾಳೆಯಂತಹ ಸದ್ದು ಇದರದ್ದೇ. ತಣಿದ ಮೇಲೆ ಎಷ್ಟು ಬಡಿದರೂ ಪ್ರಯೋಜನವಿಲ್ಲ.

ಜೊತೆಗೆ ಮೊಟ್ಟೆ ರೋಸ್ಟೋ ಕೋಳಿ ಸಾರೋ ಇದ್ದರೆ ಸರಿ. ಸಸ್ಯಾಹಾರಿಗಳ ಮನೆಯಲ್ಲಿ ಕಪ್ಪು ಕಡಲೆಯ ಗಸಿ ಇದಕ್ಕೆ ತರಕಾರಿ ಕುರ್ಮಾಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೋಬಿ ಮಂಚೂರಿ

ಗಾಡಿಯ ಗೋಬಿಯ ಕಣ್ಣು ಕುಕ್ಕುವ ಕೆಂಪನ್ನು ಮನೆಯಲ್ಲಿ ತರಲು ಹೋಗಬಾರದು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಹೆಚ್ಚು ಚರ್ಚೆಗೆ ಬಂದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಎರಡು ಸಣ್ಣ ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿದರೆ ಖಾರ ಮಿತಿಯಲ್ಲಿದ್ದೇ ಒಳ್ಳೆಯ ಬಣ್ಣ ಬರುತ್ತದೆ.

ಅರ್ಧ ಕಿಲೋದಷ್ಟು ಹೂಕೋಸಿನ ತುಂಡುಗಳನ್ನು ಉಪ್ಪು ಅರಿಶಿನ ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ತೆಗೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ತೇವ ಉಳಿದರೆ ಹಿಟ್ಟು ಅಂಟುವುದಿಲ್ಲ. ಅರ್ಧ ಕಪ್ ಮೈದಾ, ಅರ್ಧ ಕಪ್ ಕಾರ್ನ್‌ಫ್ಲೋರ್, ಎರಡು ಚಮಚ ಅಕ್ಕಿಹಿಟ್ಟು, ಮೆಣಸಿನ ಪುಡಿ, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಉಪ್ಪು ಸೇರಿಸಿ ಮುಕ್ಕಾಲು ಕಪ್‌ನಷ್ಟು ನೀರಿನಲ್ಲಿ ಕಲಸಿ, ತುಂಡುಗಳನ್ನು ಅದ್ದಿ ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಕರಿದು ತೆಗೆಯಬೇಕು. ಹತ್ತು ನಿಮಿಷ ಆರಲು ಬಿಟ್ಟಾಗ ಒಳಗಿನ ತೇವ ಹೊರಪದರಕ್ಕೆ ಬರುತ್ತದೆ. ಆಗ ಜೋರು ಉರಿಯಲ್ಲಿ ಇನ್ನೊಮ್ಮೆ ಒಂದೆರಡು ನಿಮಿಷ ಕರಿದರೆ ಅದು ಹಾರಿಹೋಗಿ, ಸಾಸ್ ಹತ್ತಿದ ಮೇಲೂ ಗೋಬಿ ಗರಿಗರಿಯಾಗಿ ಉಳಿಯುತ್ತದೆ.

ಸಾಸ್ ಮಾಡುವಾಗ ಗಾಡಿಯ ದೊಡ್ಡ ಬರ್ನರ್‌ನ ಬೆಂಕಿ ನಮ್ಮಲ್ಲಿಲ್ಲ ಎಂಬುದನ್ನು ನೆನಪಿಡಬೇಕು. ಅದಕ್ಕಾಗಿ ಕಬ್ಬಿಣದ ಬಾಣಲೆಯನ್ನು ಹೊಗೆ ಸುಳಿಯುವವರೆಗೆ ಕಾಯಿಸಿ, ಒಂದು ಸಲಕ್ಕೆ ಇಬ್ಬರಿಗಾಗುವಷ್ಟನ್ನೇ ಮಾಡಬೇಕು. ಎರಡು ಚಮಚ ಎಣ್ಣೆಯಲ್ಲಿ ಕೊಚ್ಚಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸನ್ನು ಅರ್ಧ ನಿಮಿಷ, ಈರುಳ್ಳಿ ಮತ್ತು ದೊಣ್ಣೆಮೆಣಸನ್ನು ಒಂದು ನಿಮಿಷ ಬಾಡಿಸಿ, ಮೊದಲೇ ಬಟ್ಟಲಲ್ಲಿ ಬೆರೆಸಿಟ್ಟ ಒಂದು ಚಮಚ ಸೋಯಾ ಸಾಸ್, ಎರಡು ಚಮಚ ಟೊಮೆಟೊ ಸಾಸ್, ಒಂದು ಚಮಚ ಚಿಲ್ಲಿ ಸಾಸ್, ಒಂದು ಸಣ್ಣ ಚಮಚ ವಿನೆಗರ್ ಸುರಿದು, ಗುಳ್ಳೆ ಬಂದ ಕೂಡಲೇ ಗೋಬಿ ಹಾಕಿ ಮಗುಚಿ ಇಳಿಸಬೇಕು. ಸೋಯಾದಲ್ಲೇ ಉಪ್ಪಿರುವುದರಿಂದ ರುಚಿ ನೋಡದೆ ಮತ್ತೆ ಉಪ್ಪು ಹಾಕಬಾರದು.

ಶವರ್ಮಾದ ವಿಷಯ

ನಮ್ಮ ಜಿಲ್ಲೆಯಲ್ಲಿ ಈ ತಿಂಡಿಯ ಹೆಸರೆತ್ತಿದರೆ 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ಎಲ್ಲರಿಗೂ ನೆನಪಾಗುತ್ತದೆ. ಆ ಪ್ರಕರಣದಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಕೇರಳ ಸರ್ಕಾರ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸ್ ಅನ್ನು ನಿಷೇಧಿಸಿತು. ಮನೆಯಲ್ಲಿ ಮಾಡುವವರೂ ಈ ಎರಡು ಸಂಗತಿಗಳಿಂದ ಕಲಿಯಬೇಕಾದದ್ದಿದೆ. ತಿರುಗುವ ಕಂಬಿಯ ಮಾಂಸ ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿಯುವ ಅಪಾಯ ಮನೆಯ ಕಾವಲಿಯಲ್ಲಿ ಕಡಿಮೆ. ಮೂಳೆಯಿಲ್ಲದ ಅರ್ಧ ಕಿಲೋ ಕೋಳಿ ತೊಡೆಯ ಮಾಂಸಕ್ಕೆ ಮೂರು ಚಮಚ ಮೊಸರು, ಒಂದು ಲಿಂಬೆಯ ರಸ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ದಾಲ್ಚಿನ್ನಿ ಪುಡಿ, ಉಪ್ಪು ಹಚ್ಚಿ ಫ್ರಿಜ್ಜಿನೊಳಗೆ ನಾಲ್ಕು ಗಂಟೆ ಇಡಬೇಕು. ಕಾದ ಕಾವಲಿಯಲ್ಲಿ ಒಂದೇ ಪದರವಾಗಿ ಹರಡಿ, ಅಂಚುಗಳು ಕಂದುಗಟ್ಟುವವರೆಗೆ ಬೇಯಿಸಿ, ಆಮೇಲೆ ಸಣ್ಣಗೆ ಕೊಚ್ಚಿ ಮತ್ತೊಮ್ಮೆ ಕಾವಲಿಗೆ ಹಾಕಿ ಬಾಡಿಸಬೇಕು. ಥರ್ಮಾಮೀಟರ್ ಇದ್ದವರು ದಪ್ಪ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಬಂದಿರುವುದನ್ನು ನೋಡಿಕೊಳ್ಳಬೇಕು. ಹಸಿ ಮಾಂಸ ಕೊಯ್ದ ಚಾಕು, ಮಣೆಗಳನ್ನು ಸೋಪು ಹಾಕಿ ತೊಳೆಯದೆ ಎಲೆಕೋಸು ಹೆಚ್ಚಬಾರದು.

ಮಯೋನೈಸ್‌ಗೆ ಮೊಟ್ಟೆಯ ಅಗತ್ಯವೇ ಇಲ್ಲ. ಕಾಯಿಸಿ ಚೆನ್ನಾಗಿ ತಣಿಸಿದ ಅರ್ಧ ಕಪ್ ಹಾಲು, ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಅರ್ಧ ಸಣ್ಣ ಚಮಚ ಸಕ್ಕರೆಯನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ತಿರುಗಿಸುತ್ತಾ, ವಾಸನೆಯಿಲ್ಲದ ಒಂದು ಕಪ್ ಎಣ್ಣೆಯನ್ನು ನೂಲಿನಂತೆ ಸುರಿದರೆ ಹಾಲಿನ ಪ್ರೋಟೀನು ಎಣ್ಣೆಯನ್ನು ಹಿಡಿದುಕೊಂಡು ದಪ್ಪಗಾಗುತ್ತದೆ. ಕೊನೆಗೆ ಒಂದು ಚಮಚ ಲಿಂಬೆರಸ ಹಾಕಿ ಒಮ್ಮೆ ತಿರುಗಿಸಬೇಕು. ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು. ಪೇಟೆಯಲ್ಲಿ ಸಿಗುವ ಕುಬ್ಬೂಸನ್ನು (ಅರಬ್ ಬಗೆಯ ರೊಟ್ಟಿಯನ್ನು) ಕಾವಲಿಯ ಮೇಲೆ ಬಿಸಿ ಮಾಡಿ, ಮಯೋನೈಸ್ ಸವರಿ, ಮಾಂಸ, ಎಲೆಕೋಸು, ಉಪ್ಪಿನಲ್ಲಿಟ್ಟ ಸೌತೆಕಾಯಿ ತುಂಬಿ ಸುತ್ತಿದರೆ ಆಯಿತು.

ಬೆಂಕಿ ಬೇಡದವು

ಬಯಲಾಟದ ರಂಗಸ್ಥಳದ ಹಿಂದೆ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ಕೂರುತ್ತಿದ್ದ ಚರ್ಮುರಿಯವನ ಕೈರುಚಿಗೆ ಕಾರಣ ಹಸಿ ತೆಂಗಿನೆಣ್ಣೆ. ನಾಲ್ಕು ಕಪ್ ಗರಿಗರಿ ಮಂಡಕ್ಕಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕಾಲ ಬಂದಾಗ ಮಾವಿನಕಾಯಿ, ಹುರಿದ ನೆಲಗಡಲೆ, ಮೆಣಸಿನ ಪುಡಿ, ಉಪ್ಪು, ಒಂದು ಚಮಚ ತೆಂಗಿನೆಣ್ಣೆ, ಲಿಂಬೆರಸ ಹಾಕಿ ಕಲಸಬೇಕು. ಮಂಡಕ್ಕಿಯನ್ನು ಎಲ್ಲಕ್ಕಿಂತ ಕೊನೆಗೆ, ತಿನ್ನುವವರು ಎದುರು ಬಂದು ಕುಳಿತ ಮೇಲೆ ಸೇರಿಸಬೇಕು. ಮಂಡಕ್ಕಿ ಮೆತ್ತಗಾಗಿದ್ದರೆ ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದುಕೊಳ್ಳಬಹುದು. ನಮ್ಮ ಮಳೆಗಾಲದಲ್ಲಿ ಇದು ಬೇಕೇ ಬೇಕು.

ಮಲಬಾರಿನ ಅವಿಲ್ ಮಿಲ್ಕ್‌ಗೂ ಇದೇ ನಿಯಮ. ಸಣ್ಣ ಬಾಳೆಹಣ್ಣೆರಡನ್ನು ಸಕ್ಕರೆಯೊಂದಿಗೆ ಲೋಟದ ತಳದಲ್ಲಿ ಹಿಸುಕಿ, ತಣ್ಣನೆಯ ಹಾಲು ಸುರಿದು, ಗರಿಗರಿಯಾಗಿ ಹುರಿದ ಕೆಂಪು ಅವಲಕ್ಕಿಯನ್ನೂ ನೆಲಗಡಲೆಯನ್ನೂ ಮೇಲಿನಿಂದ ಹಾಕಿ ಕೂಡಲೇ ಚಮಚ ಕೊಡಬೇಕು.

ಉಳಿದದ್ದನ್ನು ಬಿಸಿ ಮಾಡುವುದು

ಪರೋಟ ಉಳಿದರೆ ಎರಡೂ ಬದಿಗೆ ನೀರು ಚಿಮುಕಿಸಿ, ಕಾದ ಕಾವಲಿಯಲ್ಲಿ ಮುಚ್ಚಿಟ್ಟು ಒಂದು ನಿಮಿಷ ಬಿಸಿ ಮಾಡಿ ಮತ್ತೊಮ್ಮೆ ಬಡಿಯಬೇಕು. ಬಾಳೆಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರೂ ಆಗುತ್ತದೆ. ಗೋಳಿಬಜೆಯನ್ನು ಮೈಕ್ರೋವೇವ್‌ನಲ್ಲಿಟ್ಟರೆ ತೊಗಲಿನಂತಾಗುತ್ತದೆ, ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಗೆ ನಾಲ್ಕೈದು ನಿಮಿಷ ಇಟ್ಟರೆ ಹೊರಪದರವಾದರೂ ಮರಳಿ ಸಿಗುತ್ತದೆ. ಸಾಸ್ ಬೆರೆಸಿದ ಗೋಬಿಯನ್ನು ಉಳಿಸಲೇಬಾರದು. ಎಷ್ಟು ಜನರಿದ್ದಾರೆಂದು ಖಚಿತವಿಲ್ಲದಿದ್ದರೆ ಮೊದಲ ಸಲ ಕರಿದ ತುಂಡುಗಳನ್ನು ಬೇರೆಯಾಗಿ ತೆಗೆದು ಫ್ರಿಜ್ಜಿನಲ್ಲಿಟ್ಟು, ಮರುದಿನ ಎರಡನೇ ಸಲ ಕರಿಯಬಹುದು. ಬಜೆಯ ಹಿಟ್ಟು ಉಳಿದರೆ ಫ್ರಿಜ್ಜಿನಲ್ಲಿ ಮರುದಿನದವರೆಗೆ ಇರುತ್ತದೆ, ಆದರೆ ಸೋಡಾದ ಶಕ್ತಿ ಅಷ್ಟರಲ್ಲಿ ಮುಗಿದಿರುವುದರಿಂದ ಕರಿಯುವ ಮುನ್ನ ಇನ್ನೊಂದು ಚಿಟಿಕೆ ಸೇರಿಸಿ ಮತ್ತೆ ಬಡಿಯಬೇಕು. ಬನ್ಸ್ ಮಾತ್ರ ಮರುದಿನ ಬೆಳಗ್ಗೆ ಏನೂ ಮಾಡದೆ ಚಾದ ಜೊತೆ ಹಾಗೆಯೇ ತಿನ್ನಲು ಬರುತ್ತದೆ.